ಮಾವನವರ ಹಗುರ ಗುಂಡು

ಇಡೀ ಗಂಗಾವತಿ ಸೀಮೆಗೆ ಒಬ್ಬರೇ ಒಬ್ಬರು ಕೌಬಾಯ್ ಇದ್ದಾರೆ. ಅವರು ನನಗೆ ಹೆಣ್ಣು ಕೊಟ್ಟ ಮಾವ! ಈ ಮಾತನ್ನು ನಾನು ಎದೆಯುಬ್ಬಿಸಿ ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ಸಹೋದ್ಯೋಗಿಗಳ ಮಾವಂದಿರು ಎಂಥೆಂಥವರು ಗೊತ್ತೇ? ಒಬ್ಬರದು ಅಕ್ಕಿ ಗಿರಣಿ ಇದೆ, ಇನ್ನೊಬ್ಬರು ರಾಜಕೀಯದಲ್ಲಿದ್ದಾರೆ, ಮತ್ತೊಬ್ಬರು ಸುಮ್ಮನೆ ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಬೈಯುತ್ತಾರೆ. ಎಂಥ ಘನತೆಯ ಕೆಲಸ! "ನಿಮ್ಮ ಮಾವನವರು ಏನು ಮಾಡ್ತಾರ್ರಿ?" ಎಂದು ಯಾರಾದರೂ ಕೇಳಿದರೆ ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಲು ಶುರುಮಾಡುತ್ತೇನೆ. ಚಪ್ಪಲಿ ಹಾಕಿದ ದಿನವೂ ಹಾಗೇ ಬಗ್ಗಿದ್ದುಂಟು.

ನಾನು ಮರ್ಯಾದೆಯ ಮನುಷ್ಯ. ಊರು ಕುಷ್ಟಗಿ, ಕೆಲಸ ಕೊಪ್ಪಳದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವುದು. ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಹಾಲು ತರಲಿಕ್ಕೂ ಹೋದವನಲ್ಲ. ಅಂಥವನಿಗೆ ಇಂಥ ಮಾವ!

ಅವರು ಹಳ್ಳಿ ಸಾಲೆಯಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು. ಕೆಲಸದಿಂದ ನಿವೃತ್ತರಾದರೇ ಹೊರತು ಸೀಟಿಯಿಂದ ಆಗಲಿಲ್ಲ. ಅದು ಈಗಲೂ ಕೊರಳಲ್ಲೇ ಇದೆ. ನಮ್ಮ ಮದುವೆಯಲ್ಲಿ ಊಟದ ಪಂಕ್ತಿಗೆ ಜನ ನುಗ್ಗಿದಾಗ ಮಾವನವರು ಸೀಟಿ ಊದಿ ಬೀಗರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ನಮ್ಮ ದೊಡ್ಡಪ್ಪ ಕುಳ್ಳಗಿದ್ದಾರೆ. ಮುಂದಿನ ಸಾಲಿಗೆ ಬಂದು ಮೊದಲು ಊಟಮಾಡಿದರೂ ಅವರ ಸಿಟ್ಟು ಇನ್ನೂ ಇಳಿದಿಲ್ಲ.

ನಿಯಮ ಎಂದರೆ ಅವರಿಗೆ ಜೀವ. ಹಿಂದೊಮ್ಮೆ ಕಬಡ್ಡಿಯ ಕೊನೆಯ ಪಂದ್ಯದಲ್ಲಿ ತಮ್ಮದೇ ಸಾಲೆಯ ಹುಡುಗನ ಕಾಲು ಗೆರೆ ದಾಟಿತು. ಬೇರೆ ಯಾರೂ ನೋಡಿರಲಿಲ್ಲ. ಇವರು ಸೀಟಿ ಊದಿ "ಔಟ್!" ಎಂದರು. ಸಾಲೆ ಸೋತಿತು. ಹೆಡ್ ಮಾಸ್ತರರು ಬಹಳ ದಿನ ಇವರ ಜೊತೆ ಮಾತುಬಿಟ್ಟರು. ಆ ಕತೆಯನ್ನು ಮಾವನವರು ಗೆದ್ದವರ ಹಾಗೆ ಹೇಳುತ್ತಾರೆ. "ಗೆರಿ ಅಂದ್ರ ಗೆರಿರಿ ಅಳಿಯಂದ್ರ. ನಮ್ಮ ಹುಡುಗ ದಾಟಿದ್ರ ಗೆರಿ ಸರದು ಕುಂದರತೈತೇನು?"

ಇಂಥ ಮನುಷ್ಯನಿಗೆ ಮೊಬೈಲು ಕೊಡಬಾರದಿತ್ತು. ಕೊಟ್ಟವಳು ನನ್ನ ಹೆಂಡತಿ. ತಂದೆ ಭಕ್ತಿಗೀತೆ ಕೇಳಲಿ ಎಂಬುದು ಅವಳ ಆಸೆ. ಭಕ್ತಿಗೀತೆಯ ಹಿಂದೆಯೇ ಅದೆಲ್ಲಿಂದಲೋ ಒಂದು ವಿಡಿಯೋ ಬಂತಂತೆ. ಪರದೇಶದ ಮುದುಕರು ದೊಡ್ಡ ಅಂಚಿನ ಟೊಪ್ಪಿಗೆ, ಚರ್ಮದ ಪಟ್ಟಿ, ಬೂಟು ಹಾಕಿಕೊಂಡು, ಹಳೇ ಕಾಲದ ಬಂದೂಕು ಹಿಡಿದು, ತೂಗುಹಾಕಿದ ಕಬ್ಬಿಣದ ತಗಡುಗಳಿಗೆ ಠಣ್ ಠಣ್ ಎಂದು ಗುಂಡು ಹೊಡೆಯುತ್ತಿದ್ದಾರೆ! ಅದೊಂದು ಕೌಬಾಯ್ ಆಟವಂತೆ. ಪ್ರತಿಯೊಬ್ಬರೂ ಒಂದೊಂದು ಸುಳ್ಳು ಹೆಸರು ಇಟ್ಟುಕೊಳ್ಳಬೇಕಂತೆ. ಮಾವನವರು ಊಟ ಬಿಟ್ಟು ನೋಡಿದರು. "ನನಗಿಂತ ವಯಸ್ಸಾದಾವ್ರು ಅದಾರ್ರಿ! ಒಬ್ಬಂದಂತೂ ಹೊಟ್ಟಿ ಇಷ್ಟ ಐತಿ! ಅಂಥಾವ ಆಡ್ತಾನ, ನಾ ಪಿ.ಟಿ. ಮಾಸ್ತರ ಆಗಿ ಮನ್ಯಾಗ ಕುಂದರ್ಲೇನು?"

ಮುಖ್ಯವಾಗಿ ಅವರನ್ನು ಹಿಡಿದದ್ದು ಆ ವಿಡಿಯೋದ ಒಬ್ಬ ಮುದುಕ ಹೊಸಬರಿಗೆ ಹೇಳಿದ ಬುದ್ಧಿಮಾತು. ಹೊಸದಾಗಿ ಆಡುವವರೆಲ್ಲ ಜೋರಾದ ಗುಂಡು ಬೇಕು ಎನ್ನುತ್ತಾರೆ, ಅದು ಭುಜಕ್ಕೆ ಒದೆಯುತ್ತದೆ, ಆಮೇಲೆ ಹೆದರಿ ಕಣ್ಣು ಮುಚ್ಚಿ ಹೊಡೆಯುತ್ತಾರೆ, ಆದ್ದರಿಂದ ಹೊಸಬರು ಹಗುರ ಲೋಡು, ಅಂದರೆ ಕಡಿಮೆ ಮದ್ದಿನ ಗುಂಡು, ತಗೊಳ್ಳಬೇಕು ಎಂದು ಅವನು ಹೇಳಿದನಂತೆ. ಮಾವನವರ ಇಂಗ್ಲಿಷು ಡ್ರಿಲ್ಲಿನ ಆಜ್ಞೆಗಳಷ್ಟೇ. ಆದರೂ 'ಲೈಟ್ ಲೋಡ್' ಎಂಬ ಎರಡು ಶಬ್ದ ಅವರಿಗೆ ಮಂತ್ರೋಪದೇಶವಾಯಿತು. ಟ್ರ್ಯಾಕ್ಟರ್ ಡ್ರೈವರನಿಗೂ ಅದನ್ನೇ ಹೇಳುತ್ತಿದ್ದರು.

ಬಂದೂಕು ಎಲ್ಲಿಂದ ತರುವುದು? ಲೈಸೆನ್ಸು, ಠಾಣೆ, ಅರ್ಜಿ, ಯಾರಿಗೆ ಬೇಕು? "ಕವಣಿ ಐತೆಲ್ಲ!" ಎಂದರು ಮಾವನವರು. ಸಣ್ಣವರಿದ್ದಾಗ ಹತ್ತಿರದ ಮರಳಿ ಎಂಬ ಊರಿನ ಗದ್ದೆಗಳಲ್ಲಿ ಕವಣೆ ಬೀಸಿ ಭತ್ತಕ್ಕೆ ಬಂದ ಹಕ್ಕಿ ಓಡಿಸಿದ ಕೈ ಅದು. ಎರಡು ಹಗ್ಗ, ನಡುವೆ ಕಲ್ಲು ಕೂರಿಸಲು ಒಂದು ಹೆಣೆದ ಪಟ್ಟಿ, ಅಷ್ಟೇ. ತಲೆಯ ಮೇಲೆ ಗಿರಗಿರ ತಿರುಗಿಸಿ ಒಂದು ಹಗ್ಗ ಬಿಟ್ಟರೆ ಕಲ್ಲು ಹಾರುತ್ತದೆ. ಆನೆಗೊಂದಿಯ ಬಳಿ ಅವರದೊಂದು ಬಾಳೆತೋಟವಿದೆ, ಹಿಂದುಗಡೆಯೇ ಬಂಡೆಗಳ ಗುಡ್ಡ. ವಿಡಿಯೋದಲ್ಲಿದ್ದದ್ದೂ ಅಂಥದೇ ಬಂಡೆಗಳಂತೆ. ಎಣ್ಣೆ ಡಬ್ಬಿಗಳನ್ನು ಬಡಿದು ತಗಡು ಮಾಡಿ ಎರಡು ಬಂಡೆಗಳ ನಡುವೆ ಹಗ್ಗ ಕಟ್ಟಿ ತೂಗುಹಾಕಿದರು. ಬಾಳೆನಾರಿನ ಬುಟ್ಟಿ ಹೆಣೆಯುವ ಹೆಂಗಸರಿಗೆ ಹೇಳಿ ದೊಡ್ಡ ಅಂಚಿನ ಟೊಪ್ಪಿಗೆ ಹೆಣೆಸಿದರು. ಟೇಲರ್ ಚಾಚಾ ಎಂಬ ಅವರ ಬಾಲ್ಯದ ಗೆಳೆಯರು ತೋಳಿಲ್ಲದ ಜಾಕೀಟು ಹೊಲಿದುಕೊಟ್ಟರು. ಗದ್ದೆಗೆ ಹಾಕುವ ರಬ್ಬರು ಬೂಟು ಮನೆಯಲ್ಲೇ ಇತ್ತು. ಧೋತರದ ಮೇಲೆ ಇಷ್ಟೆಲ್ಲ ಏರಿಸಿಕೊಂಡ ಮನುಷ್ಯನನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಆಗ ನನ್ನ ಲೇಸಿನ ಕಷ್ಟ ನಿಮಗೆ ತಿಳಿದೀತು.

ನಿವೃತ್ತರಾದ ಏಳೆಂಟು ಹಿರಿಯರು ಸೇರಿಕೊಂಡರು. ಎಲ್ಲರಿಗೂ ಸುಳ್ಳು ಹೆಸರಾಯಿತು. ಮಾವನವರು 'ಆನೆಗೊಂದಿ ಶೆರೀಫ್' ಆದರು, ಅಂದರೆ ಕೌಬಾಯ್ ಸೀಮೆಯ ಫೌಜದಾರ. ಚಾಚಾ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕರಂತೆ. "ಮಾಸ್ತರ, ಶರೀಫ್ ಅಂದ್ರ ನಮ್ಮ ಮಾತನ್ಯಾಗ ಸಂಭಾವಿತ ಅಂತ. ನಿಮಗ ಇದು ಸುಳ್ಳ ಹೆಸರು ಹೆಂಗ ಆಕೈತಿ? ಬ್ಯಾರೆ ಇಟಗೊಳ್ರಿ!"

ಇಷ್ಟರವರೆಗೆ ನನಗೇನೂ ತೊಂದರೆ ಇರಲಿಲ್ಲ. ಗಂಗಾವತಿ ಅಲ್ಲಿದೆ, ನಾನು ಕೊಪ್ಪಳದಲ್ಲಿದ್ದೇನೆ. ಆದರೆ ಮಾವನವರು ಒಂದು ನಿಯಮ ಮಾಡಿದರು. ನಾಗರಪಂಚಮಿ ಮುಗಿದ ಭಾನುವಾರ ಜೋಡಿ ಆಟ. ಪ್ರತಿ ಹಿರಿಯನೂ ಒಬ್ಬ ಹೊಸಬನನ್ನು ತಯಾರು ಮಾಡಿ ಕರೆತರಬೇಕು. ಹೊಸಬ ಒಂದಾದರೂ ತಗಡು ಹೊಡೆಯಬೇಕು, ಹೊಡೆಯದಿದ್ದರೆ ಜೋಡಿ ಔಟ್. ಶೆರೀಫನ ಜೋಡಿಯೇ ಔಟಾದರೆ ಶೆರೀಫಗಿರಿ ಬಿಟ್ಟು ಕೆಳಗಿಳಿಯಬೇಕು. ತಮ್ಮ ಕಾಲಿಗೆ ತಾವೇ ಹಗ್ಗ ಕಟ್ಟಿಕೊಳ್ಳುವುದರಲ್ಲಿ ಈ ಮನುಷ್ಯನಿಗೆ ಸಮಾನರಿಲ್ಲ!

"ಅವರ ಹೊಸಬ ಯಾರು?" ಎಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನನ್ನೇ ನೋಡಿದಳು.

"ಏ, ನನಗಾಗಂಗಿಲ್ಲ!" ಎಂದೆ.

"ಅಪ್ಪಾ ಎಲ್ಲಾರ ಮುಂದ ಹೇಳಿಬಿಟ್ಟಾರ್ರೀ, ನಮ್ಮ ಅಳಿಯಂದ್ರು ಬರ್ತಾರ, ತಗಡ ಹೊಡೀತಾರ ಅಂತ. ನೀವು ಬರಲಿಲ್ಲಂದ್ರ ಅವರು ಯಾವ ಮುಖಾ ತೋರಸಬೇಕು? ರಿಟೈರ್ ಆದ ಮ್ಯಾಲ ಗೋಡಿ ನೋಡ್ಕೋತ ಕುಂತಿದ್ರು. ಈಗ ಐತವಾರ ಬರಲಿ ಅಂತ ಕಾಯ್ತಾರ. ಅದನ್ನೂ ಕಳೀತೀರೇನು?"

ಕೊನೆಗೆ ಹೂಂ ಎಂದೆ. ಪಂಚಮಿಗೆ ತವರಿಗೆ ಹೋದ ಅವಳು ಅಲ್ಲಿಂದಲೂ ದಿನಾ ನೆನಪಿಸುತ್ತಿದ್ದಳು.

ಹೋಗುವ ಮೊದಲೇ ನನ್ನ ಮರ್ಯಾದೆ ಹೋಯಿತು. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು ಎಲ್ಲರಿಗೂ ಪರೀಕ್ಷೆಯ ಕೆಲಸ ಹಂಚುತ್ತಿದ್ದರು. ಅವರು ಅಡಿಕೆಯನ್ನೂ ಬಾಯಿಗೆ ಹಾಕದ ಮನುಷ್ಯ. ಆಗ ನನ್ನ ಮೊಬೈಲು ಬಡಿದುಕೊಂಡಿತು. ಎತ್ತದಿದ್ದರೆ ಮಾವನವರು ಎತ್ತುವವರೆಗೂ ಮಾಡುತ್ತಾರೆಂದು ಎತ್ತಿ "ಮೀಟಿಂಗಿನ್ಯಾಗ ಅದೀನ್ರಿ" ಎಂದು ಪಿಸುಗುಟ್ಟಿದೆ. ಮೈದಾನದ ಆ ತುದಿಯ ಹುಡುಗನನ್ನು ಕರೆದು ರೂಢಿಯಾದ ದನಿ ಅವರದು. ಸ್ಪೀಕರು ಹಾಕುವ ಅಗತ್ಯವೇ ಬೀಳಲಿಲ್ಲ.

"ಅಳಿಯಂದ್ರ! ಐತವಾರಕ್ಕ ಗುಂಡು ರೆಡಿ ಅದಾವ್ರಿ! ನಿಮಗ ಲೈಟ್ ಇಡ್ಲ್ಯೋ, ಸ್ಟ್ರಾಂಗ್ ಇಡ್ಲ್ಯೋ?"

ಎಲ್ಲರ ತಲೆಗಳೂ ನನ್ನತ್ತ ತಿರುಗಿದವು.

"ಆಮ್ಯಾಲ ಮಾತಾಡ್ತೀನ್ರಿ ಮಾವಾರ..."

"ಹೊಸಬ್ರು ಸ್ಟ್ರಾಂಗ್ ಹಾಕಬಾರದ್ರಿ! ಜೋಲಿ ಹೋಕೈತಿ, ಕಣ್ಣ ಮುಚ್ಚತಾವ! ಲೈಟ್ ಹಾಕ್ರಿ! ನಿಮ್ಮತ್ತಿಯಾರು ಸೈತ ಮೊನ್ನೆ ತೋಟದಾಗ ಎರಡು ಲೈಟ್ ಹಾಕಿದ್ರು, ಭಾಳ ಖುಷಿಯಾದ್ರು!"

ನಮ್ಮ ಕಡೆ 'ಗುಂಡು ಹಾಕುವುದು' ಎಂದರೆ ಯಾವ ಗುಂಡು, ಎಲ್ಲಿಗೆ ಹಾಕುವುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲವಷ್ಟೆ? ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಇತಿಹಾಸದ ಮೇಷ್ಟ್ರು ನನ್ನ ಕೈ ಕುಲುಕಿ, "ಮಾವ ಅಂದ್ರ ಹಿಂಗಿರಬೇಕ್ರಿ! ನಮಗೂ ಒಂದೈತವಾರ ಕರೀರಿ!" ಎಂದರು. ನಾನು ಕವಣೆ, ಕಲ್ಲು, ತಗಡು ಎಂದು ವಿವರಿಸಲು ಹೋದೆ. ಕೌಬಾಯ್ ಎಂಬ ಶಬ್ದ ಬಂದಮೇಲಂತೂ ಎಲ್ಲರೂ ನಾನೂ ಆಗಲೇ ಒಂದಿಷ್ಟು ಹಾಕಿಕೊಂಡೇ ಬಂದಿದ್ದೇನೆ ಎಂಬ ತೀರ್ಮಾನಕ್ಕೆ ಬಂದರು.

ಶುಕ್ರವಾರ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಅಳಿಯನನ್ನು ಕರೆದೊಯ್ಯಲು ಮಾವ ಬರುವುದು ಮರ್ಯಾದೆ. ಬಂದಿದ್ದರು, ಪೂರ್ತಿ ಪೋಷಾಕಿನಲ್ಲಿ! ಸುತ್ತ ಒಂದು ಜಾತ್ರೆಯಷ್ಟು ಜನ. ಹುಲಿಗೆಮ್ಮನ ದರ್ಶನಕ್ಕೆ ಹೊರಟ ಹೆಂಗಸರು ತಮ್ಮ ಬಸ್ಸು ಬಿಟ್ಟು ಇವರನ್ನು ನೋಡುತ್ತ ನಿಂತಿದ್ದರು. ನಾನು ಕಂಬದ ಹಿಂದೆ ಸರಿದೆ. ಉಪಯೋಗವಾಗಲಿಲ್ಲ. ಸೀಟಿ ಊದಿದರು.

"ಯಜಮಾನ್ರ, ಏನು ವೇಷರಿ ಇದು?" ಎಂದು ಒಬ್ಬ ಕೇಳಿದ.

"ಶೂಟಿಂಗ್ ಐತಪ್ಪ, ಆನೆಗೊಂದ್ಯಾಗ."

ಕೆಟ್ಟಿತು ಕೆಲಸ! ಆನೆಗೊಂದಿಯಲ್ಲಿ ಶೂಟಿಂಗ್ ಎಂದರೆ ಜನ ಏನೆಂದು ತಿಳಿಯಬೇಕು? ಅಲ್ಲಿ ಪಿಚ್ಚರಿನವರು ಬರುವುದು ಹೊಸದೇನಲ್ಲ. "ಹೀರೋ ಯಾರ್ರಿ?" ಎಂದು ನಾಲ್ಕು ಕಡೆಯಿಂದ ಕೂಗು ಬಂತು. ಮಾವನವರಿಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗಂದರೋ ದೇವರಿಗೇ ಗೊತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, "ಇವರ ನೋಡ್ರಿ! ಕುಷ್ಟಗಿ ಕಿಡ್!" ಎಂದರು. ಅದು ಅವರು ನನಗಿಟ್ಟ ಸುಳ್ಳು ಹೆಸರು ಎಂದು ನನಗೂ ಆಗಲೇ ತಿಳಿದದ್ದು.

ಜನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, "ಈಗೀಗ ಎಂತೆಂಥಾವ್ರ್ನ ಹೀರೋ ಮಾಡ್ತಾರವ್ವ!" ಎಂದು ಹೇಳಿ ಬಸ್ಸು ಹತ್ತಿದಳು. ಇಸ್ತ್ರಿ ಮಾಡಿದ ಅಂಗಿ ಯಾವ ಸಹಾಯಕ್ಕೂ ಬರಲಿಲ್ಲ.

ಮನೆಗೆ ಹೋದಮೇಲೆ ಪಡಸಾಲೆಯಲ್ಲಿ ನನ್ನನ್ನು ಗಾದಿಯ ಮೇಲೆ ಕೂರಿಸಿದರು. ಬೆನ್ನಿಗೆ ದುಂಡನೆಯ ದಿಂಬು ಕೊಟ್ಟು "ಲೋಡಿಗೆ ಆನಿಸಿಕೊಂಡು ಕುಂದರ್ರಿ" ಎಂದರು. ಈ ಲೋಡು ಮಾತ್ರ ನನಗೆ ಅರ್ಥವಾಯಿತು. ಬಸ್ಸಿನ ಪ್ರಯಾಣ, ಹೊಟ್ಟೆ ಚುರುಗುಟ್ಟುತ್ತಿತ್ತು. ಪಂಚಮಿ ಎಂದರೆ ನಮ್ಮ ಕಡೆ ಉಂಡಿಗಳ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ, ಬೇಸನ್ ಉಂಡಿ. ಅಳಿಯ ಬಂದನೆಂದರೆ ತಾಟು ತುಂಬಿ ಮುಂದಿಡುತ್ತಾರೆ. ಮಾವನವರು ಒಳಗೆ ಹೋಗಿ ಮೂರು ತಾಟು ತಂದು ನನ್ನೆದುರು ಇಟ್ಟರು. ಒಂದರಲ್ಲಿ ನುಣ್ಣನೆಯ ಕಲ್ಲುಗಳಿದ್ದವು. ಇನ್ನೆರಡರಲ್ಲಿ ದುಂಡಗೆ, ಒಂದೇ ಸಮ ಕಟ್ಟಿದ...

"ಯಾವುದು ಬೇಕು ತಗೋರಿ ಅಳಿಯಂದ್ರ. ಸಂಕೋಚ ಮಾಡಬ್ಯಾಡ್ರಿ," ಎಂದರು.

ನಾನು ಸಂಕೋಚ ಮಾಡಲಿಲ್ಲ. ಬೂದುಬಣ್ಣದ್ದೊಂದು ಎತ್ತಿಕೊಂಡು ಕಚ್ಚಿದೆ.

ಅಡುಗೆಮನೆಯ ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಅತ್ತೆಯವರು ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ಸೆರಗು ತಲೆಮೇಲೆ ಎಳೆದುಕೊಂಡು ಗೋಡೆಗೆ ಹೇಳಿದರು: "ಅಯ್ಯ ಶಿವನ, ಅದು ಮಣ್ಣಂತ ಹೇಳಬಾರದ?"

ಅಷ್ಟರಲ್ಲಿ ನನಗೂ ತಿಳಿದಿತ್ತು. ಗದ್ದೆಯ ಎರಿಮಣ್ಣು, ಅದಕ್ಕೆ ಭತ್ತದ ಹೊಟ್ಟಿನ ಬೂದಿ. ಉಗುಳುವುದೋ ನುಂಗುವುದೋ? ಬಾಯಿ ತುಂಬ ಮಣ್ಣಿಟ್ಟುಕೊಂಡು ಮಾವನ ಮುಖ ನೋಡಿದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅದೇ ತಾಟಿನಿಂದ ತಾವೂ ಒಂದು ಗುಂಡು ಎತ್ತಿಕೊಂಡು, ಕಟುಂ ಎಂದು ಕಚ್ಚಿ, ನಿಧಾನವಾಗಿ ಅಗಿದರು.

"ಬೂದಿ ಒಂಚೂರು ಜಾಸ್ತಿ ಆಗೈತಲ್ಲರಿ?" ಎಂದರು.

ನಾನು ತಲೆಯಾಡಿಸಿದೆ. ಇಬ್ಬರೂ ಒಟ್ಟಿಗೆ ಹಿತ್ತಿಲಿಗೆ ಹೋಗಿ ಬಾಯಿ ಮುಕ್ಕಳಿಸಿದೆವು. ಇಂಥ ಹುಚ್ಚಿನ ಮನೆಯಲ್ಲಿ ನನ್ನ ಹೆಂಡತಿ ಹೇಗೆ ಇಷ್ಟು ಸರಿಯಾಗಿ ಬೆಳೆದಳು ಎಂದು ನಾನು ಅಂದು ಬಹಳ ಹೊತ್ತು ಯೋಚಿಸಿದೆ.

ಆಮೇಲೆ ಪಾಠ ಶುರುವಾಯಿತು. ಹೊಳೆಯ ಕಲ್ಲು ಭಾರ, ನೇರ ಹೋಗುತ್ತದೆ, ತಗಡಿಗೆ ಬಿದ್ದರೆ 'ಠಣ್' ಎನ್ನುತ್ತದೆ. ಬರೀ ಎರಿಮಣ್ಣಿನ ಗುಂಡು ನಡುವಿನದು. ಬೂದಿ ಕಲಸಿದ್ದು ಎಲ್ಲಕ್ಕಿಂತ ಹಗುರ, ಬಿದ್ದಲ್ಲೇ ಪುಡಿಯಾಗಿ 'ಧಪ್' ಎನ್ನುತ್ತದೆ. ಹೊಸಬರಿಗೆ ಅದೇ ಸರಿ.

"ತಗಡ ಬೀಳೂದು ಬ್ಯಾಡ್ರಿ, ಮುಟ್ಟಿದ್ರ ಸಾಕು. ದೊಡ್ಡ ಗುಂಡು ಹಾಕಿದಾವನ ಲಕ್ಷ್ಯ ಗುರಿ ಮ್ಯಾಲ ಇರಂಗಿಲ್ಲ, ತನ್ನ ತೋಳಿನ ಮ್ಯಾಲ ಇರತೈತಿ."

ನಾನು ಓದಿಕೊಂಡವನು. ಭಾರದ ಕಲ್ಲು ನೇರ ಹೋಗುವುದಾದರೆ ಹಗುರದ್ದು ಯಾಕೆ ಬೇಕು? ಶನಿವಾರ ತೋಟದಲ್ಲಿ ತಾಲೀಮಿಗೆ ನಿಂತಾಗ ಮಾವನವರು ಆಚೆ ತಿರುಗಿದ್ದು ನೋಡಿ ಜೇಬಿನಿಂದ ಒಂದು ಹೊಳೆಗಲ್ಲು ತೆಗೆದು ಕವಣೆಗೆ ಹಾಕಿದೆ. ತಲೆಯ ಮೇಲೆ ಬೀಸಿದೆ. ಕಲ್ಲಿನ ಭಾರಕ್ಕೆ ಕವಣೆ ನನ್ನನ್ನೇ ತಿರುಗಿಸತೊಡಗಿತು. ಹಗ್ಗ ಬಿಡುವ ಗಳಿಗೆ ಯಾವುದೆಂದು ತಿಳಿಯದೆ ಕಣ್ಣು ಮುಚ್ಚಿ ಬಿಟ್ಟೆ.

ತಗಡು ಇದ್ದದ್ದು ಮುಂದೆ. ಕಲ್ಲು ಹೋದದ್ದು ಹಿಂದೆ. ಹಿಂದೆ ಮರದ ನೆರಳಲ್ಲಿ ಬುತ್ತಿಯ ಗಂಟು, ಅದರ ಪಕ್ಕ ಅತ್ತೆಯವರು ಕೊಟ್ಟ ಮೊಸರಿನ ಗಡಿಗೆ, ಅದರ ಪಕ್ಕ ಟೇಲರ್ ಚಾಚಾ. ದೇವರ ದಯೆ, ಕಲ್ಲು ಆರಿಸಿಕೊಂಡದ್ದು ಗಡಿಗೆಯನ್ನು. ಚಾಚಾನ ಗಡ್ಡ ಮೊದಲೇ ಬಿಳಿ, ಮೊಸರು ಎಲ್ಲಿ ಮುಗಿದು ಗಡ್ಡ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗಾಯಿತು.

ನೆಲ ಬಾಯಿ ಬಿಡಬಾರದೇ ಎನಿಸಿತು. ಮಾವನವರು ಓಡಿಬಂದು ಗೆಳೆಯನನ್ನು ನೋಡಿದರು, ಒಡೆದ ಗಡಿಗೆ ನೋಡಿದರು, ನನ್ನ ಕಾಲಿನಿಂದ ಗಡಿಗೆಯವರೆಗೆ ಹೆಜ್ಜೆ ಹಾಕಿ ಅಳೆದರು.

"ದಿಕ್ಕ ಒಂದ ತಪ್ಪೈತ್ರಿ ಅಳಿಯಂದ್ರ. ದೂರ ಮಾತ್ರ ಬರೋಬ್ಬರಿ ಐತಿ!"

ಚಾಚಾ ಗಡ್ಡ ಒರೆಸಿಕೊಳ್ಳುತ್ತ, "ಪರವಾಗಿಲ್ರಿ ಜಮಾಯಿ ಸಾಬ್. ನಾಳೆ ನಾ ಅಂಪೈರ್ ಅದೀನಲ್ಲ, ಬಂಡಿಗಲ್ಲಿನ ಹಿಂದ ಕುಂತು ಅಂಪೈರ್ ಮಾಡ್ತೀನಿ. ಕಣ್ಣ ಬ್ಯಾಡ, ಕಿವಿ ಸಾಕು. ಧಪ್ ಅಂದ್ರ ಧಪ್, ಠಣ್ ಅಂದ್ರ ಠಣ್. ಎರಡೂ ನಡೀತಾವ," ಎಂದರು. ಅಂದಿನಿಂದ ಅಂಪೈರು ಬಂಡೆಯ ಹಿಂದೆ ಕೂರುವುದು ಆ ಆಟದ ನಿಯಮವೇ ಆಯಿತು. ಆಟಕ್ಕೆ ನನ್ನ ಕಾಣಿಕೆ ಅದೊಂದೇ.

ಮಾವನವರು ನನ್ನ ಜೇಬು ಮುಟ್ಟಿ ನೋಡಲಿಲ್ಲ, ಕಲ್ಲು ಎಲ್ಲಿಂದ ಬಂತೆಂದು ಕೇಳಲೂ ಇಲ್ಲ. ಬೂದಿಗುಂಡಿನ ಚೀಲ ನನ್ನ ಸೊಂಟಕ್ಕೆ ಕಟ್ಟಿ, ಸಂಜೆಯವರೆಗೂ ಪಕ್ಕದಲ್ಲಿ ನಿಂತು ಬೀಸುವುದು ಹೇಳಿಕೊಟ್ಟರು. ಕೊನೆಗೊಮ್ಮೆ ಒಂದು ಗುಂಡು ತಗಡಿಗೆ ತಾಗಿ ಧಪ್ ಎಂದು ಬೂದಿ ಹಾರಿತು. ಮಾವನವರು ಕುಣಿದಾಡಿಬಿಟ್ಟರು. ನನಗೆ ಅದಕ್ಕೂ ನಾಚಿಕೆಯಾಯಿತು. ಅಷ್ಟು ವಯಸ್ಸಾದವರು, ಮಣ್ಣು ತಗಡಿಗೆ ಬಿತ್ತೆಂದು ಕುಣಿಯುವುದೇ?

ಭಾನುವಾರ ಬೆಳಗ್ಗೆ ಬಂಡೆಗಳ ನಡುವೆ ಎಲ್ಲರೂ ಸೇರಿದರು. ಬಾಳೆನಾರಿನ ಟೊಪ್ಪಿಗೆಗಳೇ ಟೊಪ್ಪಿಗೆಗಳು. ನನ್ನ ತಲೆಗೂ ಒಂದು ಬಿತ್ತು. ಉಳಿದ ಹಿರಿಯರು ತಮ್ಮ ಮಕ್ಕಳನ್ನು, ಅಣ್ಣತಮ್ಮಂದಿರ ಮಕ್ಕಳನ್ನು ತಂದಿದ್ದರು. ಎಲ್ಲ ಗದ್ದೆಯ ಕೈಗಳು, ಒಬ್ಬೊಬ್ಬನೂ ಕನಿಷ್ಠ ಒಂದು ತಗಡು ಹೊಡೆದ. ಬಂಡೆಯ ಹಿಂದಿನಿಂದ ಚಾಚಾ "ಹೊಡೀತು!" ಎಂದು ಕೂಗುತ್ತಿದ್ದರು. ನನ್ನ ಹೆಂಡತಿ ಎತ್ತರದ ಒಂದು ಬಂಡೆ ಏರಿ ನಿಂತಿದ್ದಳು. ಕೊನೆಯ ಪಾಳಿ ಕುಷ್ಟಗಿ ಕಿಡ್‌ನದು.

ಐದು ಗುಂಡು. ಒಂದನೆಯದು ಆಕಾಶಕ್ಕೆ ಹೋಯಿತು. ಇಳಿದದ್ದನ್ನು ಯಾರೂ ನೋಡಲಿಲ್ಲ. ಎರಡನೆಯದು ನನ್ನ ಕಾಲ ಬುಡದಲ್ಲೇ ಒಡೆಯಿತು. ಯಾರೋ ಕಿಸಕ್ಕೆಂದು ನಕ್ಕರು. ಮೂರನೆಯದು ಬಂಡೆಗೆ. ನಾಲ್ಕನೆಯದು ತಗಡಿನ ಪಕ್ಕದಲ್ಲೇ ಹಾದುಹೋಗಿ, ಎಲ್ಲರೂ "ಅಯ್ಯೋ" ಎಂದರು. ಈ ಅಯ್ಯೋ ನಗೆಗಿಂತ ಕೆಟ್ಟದ್ದು. ನನ್ನ ಕಿವಿ ಸುಡುತ್ತಿತ್ತು, ಅಂಗೈ ಬೆವೆತು ಹಗ್ಗ ಜಾರುತ್ತಿತ್ತು. ಮೂರು ಹೆಜ್ಜೆ ಹಿಂದೆ ಮಾವನವರು ನಿಂತಿದ್ದರು. ಅವರ ಮುಖ ನೋಡಲು ಧೈರ್ಯ ಸಾಲಲಿಲ್ಲ. ಇದೊಂದು ಹೋದರೆ ಅವರ ಭಾನುವಾರಗಳೂ ಹೋದವು ಎಂಬುದೊಂದೇ ತಲೆಯಲ್ಲಿತ್ತು. ಐದನೆಯ ಗುಂಡು ಹಾಕಿ, ಬೀಸಿ, ಬಿಟ್ಟೆ.

ಅದು ತಗಡುಗಳ ಮೇಲಿಂದ ಸುಖವಾಗಿ ಹಾರಿ ಬಾಳೆಗಿಡಗಳೊಳಗೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ.

ಅದೇ ಕ್ಷಣಕ್ಕೆ ತಗಡು 'ಠಣ್' ಎಂದಿತು!

ತಿರುಗಿ ನೋಡಿದೆ. ಮಾವನವರ ಬಲಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು. ಅವರೇ ಆ ಕೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೆಳಗಿಳಿಸಿ ಧೋತರಕ್ಕೆ ಒರೆಸಿಕೊಂಡರು.

ಅಲ್ಲಿದ್ದವರೆಲ್ಲ ಹುಟ್ಟಿನಿಂದ ಕವಣೆ ಬೀಸಿದವರು. ಬೂದಿಗುಂಡು ಠಣ್ ಎನ್ನುವುದಿಲ್ಲ ಎಂದು ಯಾರಿಗೆ ತಿಳಿಯದು? ಆದರೂ ಚಾಚಾ ಗಂಟಲು ಸರಿಮಾಡಿಕೊಂಡು "ಹೊಡೀತು!" ಎಂದು ಕೂಗಿದರು. ಮೊದಲ ಚಪ್ಪಾಳೆ ಎತ್ತರದ ಬಂಡೆಯಿಂದ ಬಂತು. ಆಮೇಲೆ ಎಲ್ಲರೂ ತಟ್ಟಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಜನ ಬುತ್ತಿ ಬಿಚ್ಚಲು ಹೊರಟರು. ಮಾವನವರು ನಿಂತಲ್ಲೇ ನಿಂತಿದ್ದರು. ನಾನು ಹತ್ತಿರ ಹೋದೆ. ಮೈದಾನ ನಡುಗಿಸುವ ದನಿ ಆಗ ನನಗಷ್ಟೇ ಕೇಳುವಷ್ಟಾಗಿತ್ತು.

"ತಪ್ಪಾತ್ರಿ ಅಳಿಯಂದ್ರ. ಕೈ ತಾನ ಹೋತು."

"ಇರಲಿ ಬಿಡ್ರಿ ಮಾವಾರ. ನನ್ನ ಸಲುವಾಗಿ..."

"ನಿಮ್ಮ ಸಲುವಾಗಿನೂ ಅಲ್ರಿ, ಸುಳ್ಳ ಯಾಕ ಹೇಳ್ಲಿ. ಆಕಿ ಮ್ಯಾಲ ನಿಂತಿದ್ಲಲ್ಲ. ತಗಡ ನೋಡಾಕತ್ತಿರಲಿಲ್ರಿ ಆಕಿ, ನಿಮ್ಮ ಮುಖಾ ನೋಡಾಕತ್ತಿದ್ಲು. ನಿಮಗ ನಾಚಿಕಿ ಆದಂಗ ಆಕಿ ಮುಖಾ ಸಣ್ಣದಾಗಾಕತ್ತಿತ್ತು. ನನಗ ತಡಿಯಾಕ ಆಗಲಿಲ್ಲ."

ಅಷ್ಟು ಹೇಳಿ ಅವರು ಸೀಟಿ ಬಾಯಿಗಿಟ್ಟು ಜೋರಾಗಿ ಊದಿದರು. ಹೊರಟವರೆಲ್ಲ ನಿಂತು ತಿರುಗಿದರು. ಮಾವನವರು ಗೆರೆಯ ಮೇಲೆ ಬಂದು, ಟೊಪ್ಪಿಗೆ ತೆಗೆದು, ಎದೆಗೆ ಹಿಡಿದುಕೊಂಡರು.

"ಆ ಕಲ್ಲು ನಂದು. ಅಳಿಯಂದ್ರದಲ್ಲ. ಶೆರೀಫ್ ಔಟ್!"

"ಏ ಮಾಸ್ತರ, ಬಿಡ್ರಿ ಅತ್ಲಾಗ," ಎನ್ನುತ್ತ ಚಾಚಾ ಬಂಡೆಯ ಹಿಂದಿನಿಂದ ಬಂದರು. "ನಾ ಹೊಡೀತು ಅಂದೀನಿ, ಮುಗೀತು. ಅಂಪೈರ್ ಯಾರು, ನಾನೋ ನೀವೋ?"

"ಔಟ್ ಅಂದ್ರ ಔಟ್," ಎಂದರು ಮಾವನವರು. ತಪ್ಪು ಮಾಡಿದ ಹುಡುಗರನ್ನು ಇಷ್ಟು ವರ್ಷ ಹೇಗೆ ನಿಲ್ಲಿಸಿದ್ದರೋ ಹಾಗೇ, ತಾವೇ ಎರಡೂ ಕಾಲು ಜೋಡಿಸಿ, ತಲೆ ತಗ್ಗಿಸಿ, ಎಲ್ಲರೆದುರು ನಿಂತರು. ನ್ಯಾಯವಂತನೆಂಬ ಹೆಸರೊಂದನ್ನೇ ಅವರು ಆಯುಷ್ಯವಿಡೀ ಗಳಿಸಿದ್ದು. ಮಗಳ ಮುಖ ಸಣ್ಣದಾಗಬಾರದೆಂದು ಅದನ್ನು ಕೈಯಾರೆ ಎಸೆದಿದ್ದರು. ಇಷ್ಟು ದಿನ ಈ ಮನುಷ್ಯನ ಅಳಿಯ ಎಂದು ಹೇಳಿಕೊಳ್ಳಲು ಹಿಂಜರಿದದ್ದಕ್ಕೆ ನಾಚಿಕೆಯಾಯಿತು, ನಿಜವಾದ ನಾಚಿಕೆ.

ನಾನೂ ಹೋಗಿ ಅವರ ಪಕ್ಕದಲ್ಲಿ ಕಾಲು ಜೋಡಿಸಿ, ತಲೆ ತಗ್ಗಿಸಿ ನಿಂತೆ.

ಮಾವನವರು ಗಾಬರಿಯಾದರು. ಬೀಗರ ಮಗನನ್ನು ನಾಲ್ಕು ಜನರೆದುರು ಹೀಗೆ ನಿಲ್ಲಿಸುವುದುಂಟೇ? "ನೀವ್ಯಾಕ ನಿಂತ್ರಿ ಅಳಿಯಂದ್ರ? ಔಟ್ ಆದಾವ ನಾನು. ನೀವು ಆ ಕಡಿ ಹೋಗಿ ನೆಳ್ಳಿಗೆ ಕುಂದರ್ರಿ," ಎಂದು ಪಿಸುಗುಟ್ಟಿದರು.

"ಇದು ಜೋಡಿ ಆಟ ಅಲ್ಲೇನ್ರಿ ಮಾವಾರ?" ಎಂದೆ. "ಔಟ್ ಆದ್ರ ಇಬ್ಬರೂ ಔಟ್."